ಕಡಲಿಗೆ ಹಳತಾದ ನೌಕೆ ನದಿಯಲ್ಲಿ ಗೆದ್ದಾಗ

1915ರ ಜೂನ್ 1. ಇಂದಿನ ಇರಾಕಿನ ಟೈಗ್ರಿಸ್ ನದಿಯಲ್ಲಿ ತುರ್ಕಿ ಸೇನೆಯ ದೋಣಿಗಳನ್ನು ಬೆನ್ನಟ್ಟಿ ಹೊರಟಿದ್ದ ಬ್ರಿಟಿಷ್ ಯುದ್ಧನೌಕೆ 'ಎಸ್ಪೀಗಲ್' ಮುಂದೆ ಸಾಗಲಾಗದೆ ನಿಂತಿತು. ನದಿಯಲ್ಲಿ ನೀರು ಸಾಲದಾಗಿತ್ತು. ಆ ದಿನ ನೌಕೆಯನ್ನು ತಡೆದ ನದಿಯೇ ಮರುವರ್ಷ ಸಾವಿರಾರು ಭಾರತೀಯ ಸೈನಿಕರ ಭವಿಷ್ಯವನ್ನು ನಿರ್ಧರಿಸಿತು.

ಏನಿದು ಸ್ಲೂಪ್?

ಸಾಮ್ರಾಜ್ಯದ ದೂರದ ಬಂದರುಗಳ ಕಾವಲಿಗೆಂದು ಬ್ರಿಟನ್ ಕಟ್ಟಿಸುತ್ತಿದ್ದ ಸಣ್ಣ ಯುದ್ಧನೌಕೆಗೆ 'ಸ್ಲೂಪ್' ಎಂದು ಹೆಸರು. ಕಡಲ್ಗಳ್ಳರನ್ನು ಹತ್ತಿಕ್ಕುವುದು, ಧ್ವಜ ತೋರಿಸುವುದು, ಗಲಭೆಯಾದಲ್ಲಿ ತುಕಡಿ ಇಳಿಸುವುದು ಇದರ ಕೆಲಸ. ವಿಕ್ಟೋರಿಯಾ ರಾಣಿಯ ನಿಧನಕ್ಕೆ ಕೆಲವೇ ವಾರಗಳ ಮೊದಲು, 1900ರ ಡಿಸೆಂಬರ್‌ನಲ್ಲಿ, ಶೀರ್ನೆಸ್ ನೌಕಾಂಗಣದಲ್ಲಿ ನೀರಿಗಿಳಿದ ಎಸ್ಪೀಗಲ್, 'ಕ್ಯಾಡ್ಮಸ್' ವರ್ಗದ ಆರು ನೌಕೆಗಳಲ್ಲಿ ಒಂದು. ಫ್ರೆಂಚ್ ಮೂಲದ ಈ ಹೆಸರಿಗೆ 'ತುಂಟ' ಎಂದು ಅರ್ಥ.

ಉಕ್ಕಿನ ಒಡಲಿನ ಈ ನೌಕೆಯ ಉದ್ದ 185 ಅಡಿ, ಅಗಲ 33 ಅಡಿ, ಭಾರ ಸುಮಾರು 1,070 ಟನ್. 1,400 ಅಶ್ವಶಕ್ತಿಯ ಉಗಿಯಂತ್ರವಿದ್ದರೂ ವೇಗ 13 ನಾಟ್ ಆಸುಪಾಸು ಮಾತ್ರ. ಆರು 4 ಇಂಚಿನ ಫಿರಂಗಿಗಳಿದ್ದವು. ಕಲ್ಲಿದ್ದಲು ಸಿಗದ ದೂರದ ಕಡಲುಗಳನ್ನು ಗಮನದಲ್ಲಿಟ್ಟು ಹಾಯಿಗಳನ್ನೂ ಅಳವಡಿಸಲಾಗಿತ್ತು. ಆದರೆ 1901ರ ಡಿಸೆಂಬರ್‌ನಲ್ಲಿ ಇದೇ ಬಗೆಯ 'ಕಾಂಡೋರ್' ಸ್ಲೂಪ್ ಕೆನಡಾದ ಪಶ್ಚಿಮ ಕರಾವಳಿಯ ಬಿರುಗಾಳಿಗೆ ಸಿಲುಕಿ ಸಿಬ್ಬಂದಿಯೆಲ್ಲರ ಸಮೇತ ಮುಳುಗಿತು. ಆ ಬಳಿಕ ಯುದ್ಧನೌಕೆಗಳಲ್ಲಿ ಹಾಯಿಯ ಕಾಲ ಮುಗಿಯಿತು.

1904ರಲ್ಲಿ ನೌಕಾಪಡೆಯ ಚುಕ್ಕಾಣಿ ಹಿಡಿದ ಅಡ್ಮಿರಲ್ ಫಿಶರ್, ಹೋರಾಡಲೂ ಓಡಲೂ ಆಗದ ಸಣ್ಣ ನೌಕೆಗಳನ್ನು ಸೇವೆಯಿಂದ ತೆಗೆಯಲು ಮುಂದಾದರು. ಎಸ್ಪೀಗಲ್ ಹೇಗೋ ಉಳಿದುಕೊಂಡಿತು.

ಕೊರತೆಯೇ ಬಲವಾಯಿತು

ಈ ನೌಕೆ ನೀರಿನಲ್ಲಿ ಮುಳುಗುತ್ತಿದ್ದುದು ಸುಮಾರು 11 ಅಡಿ. ದೊಡ್ಡ ಯುದ್ಧನೌಕೆಗಳಿಗೆ ಅಸಾಧ್ಯವಾದ ನದಿಗಳನ್ನು ಅದು ಪ್ರವೇಶಿಸಬಲ್ಲದಾಗಿತ್ತು. 1914ರಲ್ಲಿ ಮಹಾಯುದ್ಧ ಮೆಸೊಪೊಟೇಮಿಯಾಕ್ಕೆ ಹಬ್ಬಿದಾಗ ಎಸ್ಪೀಗಲ್ ಷಟ್-ಅಲ್-ಅರಬ್ ನದಿಯಲ್ಲಿತ್ತು. ಭಾರತದಿಂದ ಬಂದ ಆರನೇ ಪೂನಾ ಡಿವಿಷನ್ ನವೆಂಬರ್‌ನಲ್ಲಿ ಬಸ್ರಾವನ್ನೂ ಡಿಸೆಂಬರ್ 9ರಂದು ಕುರ್ನಾವನ್ನೂ ವಶಪಡಿಸಿಕೊಂಡಿತು. ಈ ಡಿವಿಷನ್ನಿನ ಮೂರು ಬ್ರಿಗೇಡುಗಳಲ್ಲಿ ಒಂದು ಬೆಳಗಾವಿ ಬ್ರಿಗೇಡ್.

1915ರ ಮೇ 31ರಂದು ಕುರ್ನಾದ ಸುತ್ತ ಪ್ರವಾಹ ತುಂಬಿತ್ತು. ಸೈನಿಕರು ಸ್ಥಳೀಯ ದೋಣಿಗಳಿಗೆ ಗಳು ಹಾಕುತ್ತ ಜವುಗಿನಲ್ಲಿ ಮುನ್ನುಗ್ಗಿದರು. ಎಸ್ಪೀಗಲ್, ಕ್ಲಿಯೋ, ಓಡಿನ್ ಸ್ಲೂಪ್‌ಗಳು ಫಿರಂಗಿ ಹಾರಿಸುತ್ತ ದಾರಿ ತೆರೆದವು. ತುರ್ಕರು ಹಿಮ್ಮೆಟ್ಟಿದರು. ಬೆನ್ನಟ್ಟುವಾಗ ಎಸ್ಪೀಗಲ್ ಹತ್ತಿದ ಜನರಲ್ ಟೌನ್‌ಷೆಂಡ್, ಎಜ್ರಾ ಸಮಾಧಿಯ ಬಳಿ ಆಳ ಸಾಲದಾದಾಗ 'ಕಾಮೆಟ್' ಎಂಬ ಚಿಕ್ಕ ದೋಣಿಗೆ ಬದಲಾಯಿಸಿಕೊಂಡರು. ಜೂನ್ 3ರಂದು ನೂರರಷ್ಟು ಜನರೊಡನೆ ಅಮಾರಾ ಪಟ್ಟಣ ತಲುಪಿದಾಗ ಅಲ್ಲಿನ ಸೇನೆ ಶರಣಾಯಿತು.

ಗೆಲುವಿನ ಬೆಲೆ

ಅಗ್ಗದಲ್ಲಿ ದೊರೆತ ಈ ಜಯ ಬ್ರಿಟಿಷರಲ್ಲಿ ಬಾಗ್ದಾದಿನ ಆಸೆ ಹುಟ್ಟಿಸಿತು. ನದಿ ಕಿರಿದಾದಂತೆ ಫಿರಂಗಿ ಹೊತ್ತ ಸ್ಲೂಪ್‌ಗಳು ಹಿಂದುಳಿದವು. ಆಹಾರ, ಮದ್ದುಗುಂಡು ಸಾಗಿಸುವ ನದಿದೋಣಿಗಳೂ ಸಾಕಷ್ಟಿರಲಿಲ್ಲ. ಆದರೂ ಸೇನೆ ಮುಂದೊತ್ತಿತು. ನವೆಂಬರ್‌ನಲ್ಲಿ ಟೆಸಿಫಾನ್ ಬಳಿ ತಡೆಯಲ್ಪಟ್ಟು, ಹಿಂದಿರುಗಿ ಕೂಟ್ ಪಟ್ಟಣದಲ್ಲಿ ಮುತ್ತಿಗೆಗೆ ಸಿಲುಕಿತು. 1916ರ ಏಪ್ರಿಲ್ 29ರಂದು ಸುಮಾರು 13 ಸಾವಿರ ಜನ ಶರಣಾದರು. ಅವರಲ್ಲಿ ಬಹುತೇಕರು ಭಾರತೀಯರು. 103, 110 ಮತ್ತು 117ನೇ ಮರಾಠಾ ಪಲ್ಟಣಗಳ ಯೋಧರೂ ಇದ್ದರು. ಸೆರೆಯಲ್ಲಿ ಸಾವಿರಾರು ಮಂದಿ ಅಸುನೀಗಿದರು. 1917ರಲ್ಲಿ ವರದಿ ನೀಡಿದ ವಿಚಾರಣಾ ಆಯೋಗವು ನದಿ ಸಾರಿಗೆಯ ಕೊರತೆಯನ್ನು ಎತ್ತಿ ತೋರಿಸಿತು.

ಎಸ್ಪೀಗಲ್ ಯುದ್ಧದಲ್ಲಿ ಉಳಿಯಿತು. 1923ರಲ್ಲಿ ಅದನ್ನು ಮುಂಬಯಿಯಲ್ಲಿ ಮಾರಾಟ ಮಾಡಲಾಯಿತು. ತನ್ನ ಮಿತಿ ಎಲ್ಲಿ ಎಂಬುದನ್ನು ಆ ನೌಕೆ ಎಜ್ರಾ ಸಮಾಧಿಯ ಬಳಿ ನಿಂತು ತಿಳಿಸಿತ್ತು; ಅದನ್ನು ಅರಿಯಬೇಕಿದ್ದವರು ಅರಿಯಲಿಲ್ಲ.