ಪೋಕರ್ ಆಟದ ‘ಬ್ಲಫ್’: ವ್ಯಾಪಾರ ಮಾತುಕತೆಗೆ ಎಷ್ಟು ಅನ್ವಯ?

ಕೈಯಲ್ಲಿ ಉತ್ತಮ ಎಲೆಗಳಿಲ್ಲದಿದ್ದರೂ ಇರುವಂತೆ ಪಣವೊಡ್ಡಿ ಎದುರಾಳಿಯನ್ನು ಹಿಂದೆ ಸರಿಸುವ ತಂತ್ರವೇ ಪೋಕರ್ ಆಟದ ‘ಬ್ಲಫ್’. ಇದನ್ನು ಜೂಜುಗಾರರ ಕುಯುಕ್ತಿಯೆಂದು ತಳ್ಳಿಹಾಕದೆ, ಗಣಿತಜ್ಞ ಜಾನ್ ವಾನ್ ನ್ಯೂಮನ್ ಹಾಗೂ ಅರ್ಥಶಾಸ್ತ್ರಜ್ಞ ಆಸ್ಕರ್ ಮಾರ್ಗೆನ್‌ಸ್ಟರ್ನ್ 1944ರಲ್ಲಿ ಪ್ರಕಟಿಸಿದ ತಮ್ಮ ಆಟಗಳ ಸಿದ್ಧಾಂತದ ಗ್ರಂಥದಲ್ಲಿ ವಿಶ್ಲೇಷಿಸಿದರು. ಅವರು ಗುರುತಿಸಿದ ಉದ್ದೇಶಗಳು ಎರಡು: ದುರ್ಬಲನಾಗಿದ್ದಾಗ ಬಲಶಾಲಿಯಂತೆ ತೋರಿಸಿಕೊಳ್ಳುವುದು ಒಂದು, ನಿಜವಾಗಿ ಬಲವಿದ್ದಾಗ ಎದುರಾಳಿಯ ಸಂಶಯವನ್ನು ಉಳಿಸಿ ಆತನೂ ಹಣ ಹೂಡುವಂತೆ ಮಾಡುವುದು ಇನ್ನೊಂದು.

ಲೆಕ್ಕವನ್ನು ಗಮನಿಸೋಣ. ಮೇಜಿನ ಮೇಲೆ 100 ರೂಪಾಯಿಗಳಿದ್ದು, ಕೊನೆಯ ಸುತ್ತಿನಲ್ಲಿ ಒಬ್ಬನು ಇನ್ನೂ 100 ರೂಪಾಯಿ ಪಣವೊಡ್ಡುತ್ತಾನೆ. ಎದುರಾಳಿಯು 100 ರೂಪಾಯಿ ತೆತ್ತು ಎಲೆ ತೋರಿಸೆಂದು ಕೇಳಿದಾಗ, ಪಣ ಹುಸಿಯಾಗಿದ್ದರೆ 200 ರೂಪಾಯಿ ಗಳಿಸುತ್ತಾನೆ. ನಿಜವಾಗಿದ್ದರೆ 100 ರೂಪಾಯಿ ಕಳೆದುಕೊಳ್ಳುತ್ತಾನೆ. ಇಂತಹ ಮೂರು ಪಣಗಳಲ್ಲಿ ಒಂದು ಹುಸಿಯಾದರೆ ಆತನಿಗೆ ಲಾಭ-ನಷ್ಟ ಸಮ. ಹುಸಿಯ ಪ್ರಮಾಣ ಇದನ್ನು ಮೀರಿದರೆ ಬ್ಲಫ್ ಮಾಡುವವನಿಗೇ ನಷ್ಟ. ಹುಸಿಯ ಬೆಲೆ ನಿಂತಿರುವುದು ಉಳಿದ ಎರಡು ನಿಜಗಳ ಮೇಲೆ.

ಎದುರಾಳಿಯನ್ನು ಅರಿಯುವುದು ಹೇಗೆ? ದುರ್ಬಲರು ಬಲಿಷ್ಠರಂತೆಯೂ ಬಲಿಷ್ಠರು ದುರ್ಬಲರಂತೆಯೂ ನಟಿಸುತ್ತಾರೆಂದು ಮೈಕ್ ಕ್ಯಾರೊ 1984ರ ತಮ್ಮ ಕೃತಿಯಲ್ಲಿ ವಿವರಿಸಿದರು. ಆದರೆ ಮುಖಭಾವಕ್ಕಿಂತ ಹಿಂದಿನ ಪಣಗಳ ಕ್ರಮವೇ ವಿಶ್ವಾಸಾರ್ಹ. ವ್ಯಾಪಾರದಲ್ಲಿಯೂ ಗ್ರಾಹಕನ ಮಾತಿನ ಧಾಟಿಗಿಂತ ಆತನ ಹಿಂದಿನ ಖರೀದಿ, ಪಾವತಿಯ ರೀತಿ, ಸರಕು ಬೇಕಾಗಿರುವ ಗಡುವು ಹೆಚ್ಚಿನದನ್ನು ತಿಳಿಸುತ್ತವೆ.

ಆಲ್ಬರ್ಟ್ ಕಾರ್ 1968ರಲ್ಲಿ ‘ಹಾರ್ವರ್ಡ್ ಬಿಸಿನೆಸ್ ರಿವ್ಯೂ’ ಪತ್ರಿಕೆಯಲ್ಲಿ, ವ್ಯಾಪಾರವು ಪೋಕರ್‌ನಂತೆ ತನ್ನದೇ ನಿಯಮಗಳುಳ್ಳ ಆಟವಾದ್ದರಿಂದ ಬ್ಲಫ್ ಸಹಜವೆಂದು ವಾದಿಸಿದರು. ನಮ್ಮ ಉದ್ಯಮಿಗಳು ಈ ವಾದವನ್ನು ಎಚ್ಚರದಿಂದ ಸ್ವೀಕರಿಸಬೇಕು. ಪೋಕರ್‌ನಲ್ಲಿ ಹುಸಿಯು ಎಲ್ಲರೂ ಮೊದಲೇ ಒಪ್ಪಿದ ನಿಯಮ. ಆದರೆ 1872ರ ಭಾರತೀಯ ಕರಾರು ಅಧಿನಿಯಮದ 17ನೆಯ ಪ್ರಕರಣದನ್ವಯ, ತಾನೇ ನಂಬದ ಅಸತ್ಯವನ್ನು ಮೋಸದ ಉದ್ದೇಶದಿಂದ ಸಂಗತಿಯೆಂದು ಬಿಂಬಿಸುವುದು ವಂಚನೆ. ಅದರಿಂದ ಒಪ್ಪಿಗೆ ಪಡೆದ ಕರಾರನ್ನು ಮೋಸಹೋದವನು 19ನೆಯ ಪ್ರಕರಣದನ್ವಯ ರದ್ದುಪಡಿಸಬಹುದು.

ಆದ್ದರಿಂದ ತಮ್ಮ ಕನಿಷ್ಠ ಬೆಲೆಯನ್ನು ಹೇಳದಿರುವುದು ಚೌಕಾಸಿ. ಇಲ್ಲದ ಖರೀದಿದಾರನ ಹೆಸರಿನಲ್ಲಿ ಬೆಲೆ ಏರಿಸುವುದು ಅಪಾಯ. ಪೋಕರ್‌ನಲ್ಲಿ ಸೋತವನು ಹುಸಿಯನ್ನು ಆಟದ ಭಾಗವೆಂದು ಮರೆಯಬಹುದು. ಪೇಟೆಯಲ್ಲಿ ಮೋಸಹೋದ ಗ್ರಾಹಕನು ಮುಂದಿನ ಬಾರಿ ಪಕ್ಕದ ಅಂಗಡಿಗೆ ಹೋಗುತ್ತಾನೆ.