ಭತ್ತದ ಬಯಲಿನ ಮಕ್ಕಳಿಗೆ ಮಿದುಳು ಜ್ವರದ ಲಸಿಕೆ

ಹೇಮಾವತಿ ನಾಲೆಗೆ ನೀರು ಬಿಟ್ಟೊಡನೆ ಕೃಷ್ಣರಾಜಪೇಟೆಯ ಬಯಲುಗಳಲ್ಲಿ ಭತ್ತದ ನಾಟಿ ಆರಂಭವಾಗುತ್ತದೆ. ಪಾಂಡವಪುರದ ಕಡೆ ವಿಶ್ವೇಶ್ವರಯ್ಯ ನಾಲೆಯ ನೀರು ಇದೇ ಕಾರ್ಯವನ್ನು ಮಾಡುತ್ತದೆ. ಅನ್ನ ಕೊಡುವ ಈ ಗದ್ದೆಯ ನೀರೇ ಕ್ಯೂಲೆಕ್ಸ್ ಜಾತಿಯ ಸೊಳ್ಳೆಗಳಿಗೂ ತೊಟ್ಟಿಲಾಗುತ್ತದೆ. ಜಪಾನೀಸ್ ಎನ್ಸೆಫಲೈಟಿಸ್ ಎಂಬ ಮಿದುಳು ಜ್ವರವನ್ನು ಹರಡುವುದು ಈ ಸೊಳ್ಳೆಗಳೇ. ಭಾರತದಲ್ಲಿ ಈ ರೋಗವನ್ನು ಮೊದಲು ಗುರುತಿಸಿದ್ದು 1955ರಲ್ಲಿ, ತಮಿಳುನಾಡಿನಲ್ಲಿ. ಕರ್ನಾಟಕದಲ್ಲಿ ಇದರ ಹಾವಳಿಗೆ ಒಳಗಾದ ಜಿಲ್ಲೆಗಳಲ್ಲಿ ಮಂಡ್ಯವೂ ಒಂದು. ಆದುದರಿಂದಲೇ ನಮ್ಮ ಭಾಗದ ಮಕ್ಕಳ ಲಸಿಕಾ ಪಟ್ಟಿಯಲ್ಲಿ ಈ ರೋಗದ ಲಸಿಕೆಗೂ ಸ್ಥಾನವಿದೆ.

ರೋಗದ ದಾರಿಯನ್ನು ತಿಳಿದರೆ ವೈದ್ಯರು ಈ ಲಸಿಕೆಗೆ ಏಕೆ ಇಷ್ಟು ಒತ್ತು ಕೊಡುತ್ತಾರೆಂಬುದು ಸ್ಪಷ್ಟವಾಗುತ್ತದೆ. ಇದರ ವೈರಾಣು ಬೆಳ್ಳಕ್ಕಿಯಂತಹ ನೀರುಹಕ್ಕಿಗಳಲ್ಲಿಯೂ ಹಂದಿಗಳಲ್ಲಿಯೂ ನೆಲೆಸಿರುತ್ತದೆ. ಅವುಗಳ ರಕ್ತ ಹೀರಿದ ಸೊಳ್ಳೆಯು ಮನುಷ್ಯನನ್ನು ಕಚ್ಚಿದಾಗ ಸೋಂಕು ತಗಲುತ್ತದೆ. ಆದರೆ ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದಿಲ್ಲ. ಮನೆಯ ಹಸು ಎಮ್ಮೆಗಳಿಂದಲೂ ಹರಡುವುದಿಲ್ಲ. ಇಲ್ಲಿಯೇ ಪೋಷಕರು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ದಡಾರದಂತಹ ರೋಗಗಳಲ್ಲಿ ಊರಿನ ಬಹುಪಾಲು ಮಕ್ಕಳಿಗೆ ಲಸಿಕೆಯಾಗಿದ್ದರೆ ರೋಗ ಹರಡುವ ಸರಪಳಿಯೇ ತುಂಡಾಗಿ, ಲಸಿಕೆ ಪಡೆಯದ ಕೂಸಿಗೂ ಸ್ವಲ್ಪ ಆಸರೆ ದೊರೆಯುತ್ತದೆ. ಮಿದುಳು ಜ್ವರದಲ್ಲಿ ಆ ಆಸರೆ ಇಲ್ಲ. ಊರಿನ ಎಲ್ಲ ಮಕ್ಕಳಿಗೆ ಲಸಿಕೆಯಾದರೂ ಹಕ್ಕಿ, ಹಂದಿ ಮತ್ತು ಸೊಳ್ಳೆಗಳ ನಡುವೆ ವೈರಾಣುವಿನ ಸಂಚಾರ ನಿಲ್ಲುವುದಿಲ್ಲ. ನೆರೆಮನೆಯ ಮಗುವಿನ ಲಸಿಕೆ ನಮ್ಮ ಮಗುವನ್ನು ಕಾಯದು. ಪ್ರತಿಯೊಂದು ಮಗುವಿಗೂ ಅದರದೇ ರಕ್ಷಣೆ ಬೇಕು.

ಸೋಂಕು ತಗುಲಿದ ಬಹುತೇಕರಿಗೆ ಯಾವ ತೊಂದರೆಯೂ ಕಾಣಿಸದು. ಆದರೆ ರೋಗವು ಮಿದುಳನ್ನು ಮುಟ್ಟಿತೆಂದರೆ ಪರಿಣಾಮ ಘೋರ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಮಿದುಳಿನ ಉರಿಯೂತಕ್ಕೆ ತುತ್ತಾದವರಲ್ಲಿ ಶೇ. 30ರವರೆಗೂ ಸಾವು ಸಂಭವಿಸಬಹುದು, ಬದುಕುಳಿದವರಲ್ಲಿ ಶೇ. 20ರಿಂದ 30ರಷ್ಟು ಮಂದಿಗೆ ಪಾರ್ಶ್ವವಾಯು, ಮೂರ್ಛೆ, ಬುದ್ಧಿಮಾಂದ್ಯ ಮುಂತಾದ ಶಾಶ್ವತ ಊನಗಳು ಉಳಿಯಬಹುದು. ವೈರಾಣುವನ್ನೇ ಕೊಲ್ಲುವ ಔಷಧಿ ಇನ್ನೂ ಇಲ್ಲ. ಆಸ್ಪತ್ರೆಯಲ್ಲಿ ಜ್ವರ, ಸೆಳವು, ಮಿದುಳಿನ ಬಾವು ಇವುಗಳನ್ನು ಹತೋಟಿಯಲ್ಲಿಡುವುದಷ್ಟೇ ಸಾಧ್ಯ. ಹೀಗಾಗಿ ಬಾರದಂತೆ ತಡೆಯುವುದೇ ಮುಖ್ಯ ಚಿಕಿತ್ಸೆ.

ಈ ಲಸಿಕೆಯ ಕಥೆಯಲ್ಲಿ ಕನ್ನಡ ನಾಡಿಗೂ ಪಾಲಿದೆ. 1980ರ ದಶಕದ ಆರಂಭದಲ್ಲಿ ಕೋಲಾರದ ರೋಗಿಯೊಬ್ಬರಿಂದ ಬೇರ್ಪಡಿಸಿದ ವೈರಾಣುವಿನಿಂದಲೇ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಸಹಯೋಗದಲ್ಲಿ ಭಾರತದ ಸ್ವಂತ ಮಿದುಳು ಜ್ವರ ಲಸಿಕೆ ಸಿದ್ಧವಾಯಿತು. ಅದು 2013ರಲ್ಲಿ ಬಳಕೆಗೆ ಬಂದಿತು. 2022ರ ಡಿಸೆಂಬರ್‌ನಲ್ಲಿ ನಮ್ಮ ನೆರೆಯ ಹಾಸನ, ತುಮಕೂರು, ರಾಮನಗರಗಳೂ ಸೇರಿದಂತೆ ರಾಜ್ಯದ ಇನ್ನಷ್ಟು ಜಿಲ್ಲೆಗಳಲ್ಲಿ 1ರಿಂದ 15 ವರ್ಷದ ಮಕ್ಕಳಿಗೆ ಈ ಲಸಿಕೆಯ ವಿಶೇಷ ಅಭಿಯಾನ ನಡೆಯಿತು.

ಮಂಡ್ಯದಂತಹ ಜಿಲ್ಲೆಗಳಲ್ಲಿ ಮಗುವಿಗೆ 9 ತಿಂಗಳು ತುಂಬಿದ ಮೇಲೆ ಮೊದಲ ವರಸೆ, 16ರಿಂದ 24 ತಿಂಗಳೊಳಗೆ ಎರಡನೆಯ ವರಸೆ ನೀಡಲಾಗುತ್ತದೆ. ದಡಾರ-ರುಬೆಲ್ಲಾ ಲಸಿಕೆಯ ಅವಧಿಯೂ ಇದೇ. ಸರ್ಕಾರಿ ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇವೆಲ್ಲವೂ ಉಚಿತ. ಹುಟ್ಟಿದಾಗಿನ ಬಿಸಿಜಿ, ಆರು, ಹತ್ತು ಮತ್ತು ಹದಿನಾಲ್ಕನೆಯ ವಾರಗಳ ಚುಚ್ಚುಮದ್ದುಗಳನ್ನು ತಪ್ಪದೆ ಹಾಕಿಸುವ ಮನೆಗಳಲ್ಲಿಯೂ ಒಂಬತ್ತನೆಯ ತಿಂಗಳಿನದು ಮರೆತುಹೋಗುವುದುಂಟು. ಆ ವೇಳೆಗೆ ಬಾಣಂತಿ ತವರಿನಿಂದ ಗಂಡನ ಮನೆಗೆ ಬಂದಿರುತ್ತಾಳೆ. ತಾಯಿ ಕಾರ್ಡ್ ತವರಿನ ಪೆಟ್ಟಿಗೆಯಲ್ಲೇ ಉಳಿದಿರುತ್ತದೆ. ಮಗು ಎಲ್ಲಿ ಹೋದರೂ ಕಾರ್ಡ್ ಜೊತೆಗಿರಬೇಕು.

ಮಕ್ಕಳ ವೈದ್ಯರ ಮುಂದೆ ಪೋಷಕರು ಇಡುವ ಶಂಕೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಒಳ್ಳೆಯ ವೈದ್ಯರು ಅವುಗಳಿಗೆ ಗದರದೆ ಉತ್ತರಿಸುತ್ತಾರೆ. ನೆಗಡಿ ಇದೆ, ಲಸಿಕೆ ಮುಂದೂಡೋಣವೇ? ಸಣ್ಣ ನೆಗಡಿ ಕೆಮ್ಮು ಅಡ್ಡಿಯಲ್ಲ. ಮಗು ತೀವ್ರ ಅಸ್ವಸ್ಥವಾಗಿದ್ದರೆ, ಹಿಂದಿನ ಲಸಿಕೆಯಿಂದ ತೀವ್ರ ಅಲರ್ಜಿ ಆಗಿದ್ದರೆ ಅಥವಾ ರೋಗನಿರೋಧಕ ಶಕ್ತಿ ಕುಂದಿಸುವ ಔಷಧಿ ನಡೆಯುತ್ತಿದ್ದರೆ ವೈದ್ಯರಿಗೆ ಮೊದಲೇ ತಿಳಿಸಬೇಕು. ಒಂದು ವರಸೆ ತಪ್ಪಿದೆ, ಮೊದಲಿನಿಂದ ಆರಂಭಿಸಬೇಕೇ? ಸಾಮಾನ್ಯವಾಗಿ ಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಿದರೆ ಸಾಕು. ಜ್ವರ ಬಂದರೆ ಕೆಟ್ಟದ್ದೇ? ದೇಹವು ಲಸಿಕೆಗೆ ಸ್ಪಂದಿಸುವಾಗ ಒಂದೆರಡು ದಿನ ಮೈ ಬಿಸಿಯಾಗುವುದು, ಚುಚ್ಚಿದ ಜಾಗ ಊದುವುದು ಸಹಜ. ವೈದ್ಯರು ತೂಕಕ್ಕೆ ತಕ್ಕಂತೆ ಹೇಳಿದ ಪ್ಯಾರಸಿಟಮಾಲ್ ಕೊಡಬಹುದು. ಚುಚ್ಚಿದ ಜಾಗಕ್ಕೆ ಏನನ್ನೂ ಹಚ್ಚಬಾರದು, ಉಜ್ಜಬಾರದು. ಲಸಿಕೆಯ ನಂತರ ಅರ್ಧ ಗಂಟೆ ಅಲ್ಲಿಯೇ ಕುಳಿತಿರಬೇಕು. ಅಪರೂಪಕ್ಕೆ ತೀವ್ರ ಅಲರ್ಜಿಯಾದರೆ ಚಿಕಿತ್ಸೆ ಕೈಗೆಟುಕುವಂತಿರಲೆಂದೇ ಈ ನಿಯಮ.

ಲಸಿಕೆಯೊಡನೆ ಎಚ್ಚರವೂ ಇರಲಿ. ಮುಸ್ಸಂಜೆಯಿಂದ ಮಕ್ಕಳಿಗೆ ಮೈತುಂಬ ಬಟ್ಟೆ, ರಾತ್ರಿ ಸೊಳ್ಳೆಪರದೆ, ಹಂದಿಗೂಡುಗಳು ವಾಸದ ಮನೆಗಳಿಂದ ದೂರ. ಜೋರು ಜ್ವರದೊಡನೆ ವಾಂತಿ, ಕತ್ತು ಬಿಗಿತ, ಸೆಳವು, ಮಂಪರು ಅಥವಾ ಅಸಂಬದ್ಧ ಮಾತು ಕಂಡರೆ ಬರೆ ಹಾಕಿಸುವುದು, ತಾಯಿತ ಕಟ್ಟಿಸುವುದು ಎಂದು ಕಾಲ ಕಳೆಯದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಸೆಳವಿನ ವೇಳೆ ಬಾಯಿಗೆ ಏನನ್ನೂ ಹಾಕದೆ ಮಗುವನ್ನು ಮಗ್ಗುಲಾಗಿ ಮಲಗಿಸಬೇಕು.

ಸಿಡುಬಿಗೆ ಲಸಿಕೆ ಬಂದ ಹೊಸತರಲ್ಲಿ, 1806ರ ಸುಮಾರಿಗೆ, ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರು ಅದನ್ನು ಪಡೆದರೆಂದೂ, ಅದನ್ನು ಕಂಡ ಜನರು ಲಸಿಕೆಗೆ ಮುಂದೆ ಬಂದರೆಂದೂ ಇತಿಹಾಸಕಾರರು ದಾಖಲಿಸಿದ್ದಾರೆ. ಜನ ನಂಬುವುದು ತಾವು ಗೌರವಿಸುವವರ ನಡೆಯನ್ನು. ಇಂದು ಮನೆಮನೆಯಲ್ಲಿ ಆ ಸ್ಥಾನ ಅಜ್ಜ ಅಜ್ಜಿಯರದು. ಅಳುವ ಕೂಸನ್ನು ಕಂಡು "ಈಗ ಬೇಡ ಬಿಡು" ಎಂದು ತಡೆಯುವ ಬದಲು, "ತಾಯಿ ಕಾರ್ಡ್ ತಗೋ, ನಾನೂ ಬರ್ತೀನಿ" ಎಂದು ಹಿರಿಯರು ಹೊರಟರೆ, ಮಗುವಿನ ಲಸಿಕೆ ತಪ್ಪುವುದಿಲ್ಲ.