ಮೇರುಕೃತಿಯ ಎದುರು ಕುಳಿತು ಮುಖ ಬರೆಯುವ ವಿದ್ಯೆ

ರಾಜಾ ರವಿವರ್ಮರು ತೈಲವರ್ಣವನ್ನು ಬಹುಮಟ್ಟಿಗೆ ನೋಡಿಯೇ ಕಲಿತರು. 1868ರಲ್ಲಿ ತಿರುವಾಂಕೂರು ಅರಮನೆಗೆ ಬಂದ ಥಿಯೋಡರ್ ಜೆನ್ಸನ್ ಎಂಬ ಐರೋಪ್ಯ ಕಲಾವಿದ, ತಾನು ಭಾವಚಿತ್ರ ಬರೆಯುವಾಗ ನೋಡುತ್ತ ನಿಲ್ಲಲು ಮಾತ್ರ ಬಿಟ್ಟ. ಹಾಗೆ ನೋಡಿ ಪಳಗಿದ ಕೈ ಮುಂದೆ 1885ರಲ್ಲಿ ಮೈಸೂರು ಅರಮನೆಯ ಆಹ್ವಾನದ ಮೇಲೆ ಬಂದು ರಾಜಮನೆತನದವರ ಮುಖಗಳನ್ನು ಕ್ಯಾನ್ವಾಸಿಗೆ ಇಳಿಸಿತು.

ಹುಬ್ಬಳ್ಳಿ ಬಳಿಯ ತಾರಿಹಾಳದ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಮುಗಿಸಿದ ಯುವಕನಿಗೆ ಈ ವಿದ್ಯೆಯ ಆಸೆ ಹುಟ್ಟಿದರೆ ಬಹಳ ದೂರ ಹೋಗಬೇಕಿಲ್ಲ. ಹುಬ್ಬಳ್ಳಿಗೆ ಬಂದು ಚಿಗರಿ ಬಸ್ಸು ಹತ್ತಿದರೆ ಧಾರವಾಡ. ಮುಂಬೈನ ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಬಂದ ಡಿ.ವಿ. ಹಾಲಭಾವಿ 1935ರಲ್ಲಿ ಚಿತ್ರಕಲಾ ಶಾಲೆ ಕಟ್ಟಿದ್ದು ಈ ಊರಿನಲ್ಲೇ. ಗದಗಿನಲ್ಲಿ ಟಿ.ಪಿ. ಅಕ್ಕಿ ವಿಜಯ ಕಲಾಮಂದಿರ ಬೆಳೆಸಿದರು. ಮುಂಬೈ ಪ್ರಾಂತದ ಶಿಸ್ತಿನ ವಾಸ್ತವ ಶೈಲಿ ಈ ಭಾಗಕ್ಕೆ ಬಂದು ನೆಲೆಯೂರಿದ್ದು ಇಂಥ ಶಾಲೆಗಳಿಂದ.

ಈ ವಿದ್ಯೆಯನ್ನು ಮೇರುಕೃತಿಯ ನಕಲು ಬರೆಯುತ್ತಲೂ ಕಲಿಯಬಹುದು. ಅದಕ್ಕೆ ಯಾವ ಚಿತ್ರ ಆರಿಸಬೇಕು? ಮೈಸೂರಿನ ಜಗನ್ಮೋಹನ ಅರಮನೆಯ ದೀಪ ಹಿಡಿದ ಹೆಣ್ಣಿನ ಚಿತ್ರವನ್ನು ಅನೇಕರು ತೈಲವರ್ಣವೆಂದೇ ನಂಬಿದ್ದಾರೆ. ಎಸ್.ಎಲ್. ಹಲ್ದನ್ಕರ್ ಅದನ್ನು ಬರೆದದ್ದು ಜಲವರ್ಣದಲ್ಲಿ. ಎಣ್ಣೆಬಣ್ಣದ ಗುಟ್ಟು ಕಲಿಯಲು ಎಣ್ಣೆಬಣ್ಣದ ಕೃತಿಯೇ ಬೇಕು. ಹೊಸಬರಿಗೆ ಡಚ್ ಕಲಾವಿದ ವರ್ಮೀರ್ ಸುಮಾರು 1665ರಲ್ಲಿ ಬರೆದ ‘ಮುತ್ತಿನ ಓಲೆಯ ಹುಡುಗಿ’ ಒಳ್ಳೆಯ ಗುರು. ಹೇಗ್ ನಗರದ ಮಾರಿತ್ಸ್‌ಹೌಸ್ ಸಂಗ್ರಹಾಲಯದಲ್ಲಿರುವ ಈ ಚಿತ್ರದ ಎತ್ತರ 44.5 ಸೆಂ.ಮೀ., ಅಗಲ 39 ಸೆಂ.ಮೀ. ಮನೆಯ ಮೇಜಿನ ಮೇಲೆ ಹಿಡಿಸುವ ಅಳತೆ.

ಮೊದಲು ಮುದ್ರಿತ ಪ್ರತಿಯ ಮೇಲೂ ಕ್ಯಾನ್ವಾಸಿನ ಮೇಲೂ ಚೌಕಗಳನ್ನು ಎಳೆದು ಇದ್ದಿಲಿನಿಂದ ರೇಖೆ ಮೂಡಿಸಬೇಕು. ಬಳಿಕ ಕಂದು ಬಣ್ಣವನ್ನು ಟರ್ಪಂಟೈನಿನಲ್ಲಿ ತೆಳ್ಳಗೆ ಮಾಡಿಕೊಂಡು ನೆರಳು-ಬೆಳಕನ್ನಷ್ಟೇ ಹಂಚಬೇಕು. ಕಣ್ಣು ಕಿರಿದು ಮಾಡಿ ನೋಡಿದರೆ ಸಣ್ಣ ವಿವರಗಳೆಲ್ಲ ಮರೆಯಾಗಿ ದೊಡ್ಡ ಆಕಾರಗಳು ಉಳಿಯುತ್ತವೆ. ಆ ಪದರ ಒಣಗಿದ ಮೇಲೆಯೇ ಮೈಬಣ್ಣ. ಮೇಲಿನ ಪದರಗಳಲ್ಲಿ ಅಗಸೆ ಎಣ್ಣೆ ಹೆಚ್ಚುತ್ತ ಹೋಗಬೇಕು. ಕೆಳಗೆ ಎಣ್ಣೆ ಹೆಚ್ಚಾದರೆ ಅದು ನಿಧಾನಕ್ಕೆ ಒಣಗಿ, ಮೊದಲೇ ಒಣಗಿದ ಮೇಲ್ಪದರ ಬಿರುಕು ಬಿಡುತ್ತದೆ.

ಇನ್ನು ಮೂಗು. ಕಲಿಯುವವರು ಮೂಗಿನ ದಂಡೆಗೆ ಗೆರೆ ಎಳೆಯಲು ಹೋಗುತ್ತಾರೆ. ವರ್ಮೀರ್‌ನ ಹುಡುಗಿಗೆ ಅಂಥ ಗೆರೆಯೇ ಇಲ್ಲ! ಬೆಳಕು ಬಿದ್ದ ಕೆನ್ನೆಗೂ ಮೂಗಿಗೂ ಒಂದೇ ಬಣ್ಣ. ಮುತ್ತಿಗೂ ಹೊರಗೆರೆಯಿಲ್ಲ, ಕಿವಿಗೆ ಸಿಕ್ಕಿಸುವ ಕೊಕ್ಕೆಯೂ ಇಲ್ಲ. ಮೇಲೆ ದಪ್ಪನೆಯ ಬಿಳಿ ಚುಕ್ಕೆ, ಕೆಳಗೆ ಕೊರಳಪಟ್ಟಿಯ ಬಿಳುಪಿನ ಮೆತ್ತನೆಯ ಪ್ರತಿಫಲನ, ಅಷ್ಟೆ. ಪುಸ್ತಕದಲ್ಲಿ ಓದಿದರೆ ಇದು ತಲೆಗೆ ಹೋಗುತ್ತದೆ, ಬರೆದಾಗ ಮಾತ್ರ ಕೈಗೆ ಇಳಿಯುತ್ತದೆ.

2018ರಲ್ಲಿ ಸಂಗ್ರಹಾಲಯ ಈ ಚಿತ್ರವನ್ನು ಆಧುನಿಕ ಉಪಕರಣಗಳಿಂದ ಪರೀಕ್ಷಿಸಿತು. ಕಪ್ಪೆಂದು ಕಾಣುವ ಹಿನ್ನೆಲೆ ಮೊದಲು ಹಸಿರು ಪರದೆಯಾಗಿತ್ತು, ಕಣ್ಣಿಗೆ ಸೂಕ್ಷ್ಮ ರೆಪ್ಪೆಗೂದಲೂ ಇದ್ದವು ಎಂದು ತಿಳಿಯಿತು. ಇವು ಬರಿಗಣ್ಣಿಗೆ ಕಾಣವು, ಮುದ್ರಿತ ಪ್ರತಿಯಲ್ಲಂತೂ ಇಲ್ಲವೇ ಇಲ್ಲ. ಬಣ್ಣದ ದಪ್ಪವೂ ಕುಂಚದ ಓಟವೂ ಅಲ್ಲಿ ಚಪ್ಪಟೆಯಾಗಿರುತ್ತವೆ. ಮೂಲ ಕೃತಿಯ ಎದುರು ಕುಳಿತವರಿಗೆ ಸಿಗುವ ಪಾಠವೇ ಬೇರೆ.

ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯ 1793ರಲ್ಲಿ ಬಾಗಿಲು ತೆರೆದಂದಿನಿಂದ ಕಲಾವಿದರಿಗೆ ಈ ಅವಕಾಶ ಕೊಟ್ಟಿದೆ. ಅನುಮತಿ ಪತ್ರ ಪಡೆದು ಚಿತ್ರದ ಎದುರೇ ಈಸಲ್ ಹೂಡಬಹುದು. ನಕಲಿನ ಅಳತೆ ಮೂಲದಷ್ಟೇ ಇರಕೂಡದು, ಮೂಲ ಕಲಾವಿದನ ಸಹಿ ಹಾಕಕೂಡದು ಎಂಬ ನಿಯಮಗಳಿವೆ. ಫ್ರೆಂಚ್ ಕಲಾವಿದ ದೆಗಾ ಅಂಥವರೂ ಅಲ್ಲಿ ಹೀಗೆ ಕುಳಿತು ಕಲಿತವರೇ.

ಹುಬ್ಬಳ್ಳಿ-ಧಾರವಾಡದ ಹಳೆಯ ಸಂಘ, ಕಾಲೇಜು, ಮಠಗಳ ಗೋಡೆಗಳ ಮೇಲೆ ನುರಿತ ಕೈಗಳು ಬರೆದ ತೈಲವರ್ಣದ ಭಾವಚಿತ್ರಗಳಿವೆ. ಸಭೆ ನಡೆದ ದಿನ ಅವಕ್ಕೆ ಹಾರ ಬೀಳುತ್ತದೆ, ಉಳಿದ ದಿನ ಧೂಳು. ಈ ಸಂಸ್ಥೆಗಳ ಹಿರಿಯರು ತಿಂಗಳಿಗೊಂದು ರವಿವಾರವಾದರೂ ಬಾಗಿಲು ತೆಗೆದು, ಕಲಾ ವಿದ್ಯಾರ್ಥಿಗಳಿಗೆ ಆ ಚಿತ್ರಗಳ ಎದುರು ಕುಳಿತು ಬರೆಯಲು ಅವಕಾಶ ಮಾಡಿಕೊಡಲಿ.